ಉಘೇ ಅನ್ನುವಷ್ಟು ಉಸಿರು

ಶಿವರಾತ್ರಿ ಹತ್ತಿರವಾದರೆ ಕೊಳ್ಳೇಗಾಲದ ರಸ್ತೆ ತುಂಬ ಕಾಲುಗಳೇ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಚಾಪೆ; ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್ ನಡಿಗೆ. ಇವರಲ್ಲಿ ಒಬ್ಬರನ್ನು ತಡೆದು ನಿಮ್ಮ ಕಾರ್ಟಿಸಾಲ್ ಹೇಗಿದೆ ಎಂದರೆ, 'ಅದ್ಯಾವೂರು ಸಾ?' ಅಂದಾರು.

ಊರಲ್ಲ, ಹಾರ್ಮೋನು. ಮೂತ್ರಪಿಂಡದ ನೆತ್ತಿಗೆ ಟೋಪಿ ಇಟ್ಟಂತೆ ಕೂತ ಅಡ್ರಿನಲ್ ಗ್ರಂಥಿಯ ಸರಕು. ಹಾರ್ಮೋನೆಂದರೆ ರೇಷ್ಮೆ ಸೀಮೆಯವರು ಬೆಚ್ಚಬೇಕಿಲ್ಲ. ಹುಳು ಜ್ವರಕ್ಕೆ ಕೂರುವುದು, ಪೊರೆ ಕಳಚಿ ಏಳುವುದು ಎಲ್ಲ ಹಾರ್ಮೋನಿನ ಆಟವೇ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಾದಿಂದ ಈ ಪೊರೆ ಕಳಚಿಸುವ ಹಾರ್ಮೋನನ್ನು ಬೇರ್ಪಡಿಸಿದರು. ಕೈಗೆ ಬಂದದ್ದು 25 ಮಿಲಿಗ್ರಾಂ! ರೀಲರ್ ಒಬ್ಬ ಈ ಲೆಕ್ಕದಲ್ಲಿ ನೂಲು ತೆಗೆದಿದ್ದರೆ ಊರು ಬಿಡಬೇಕಾಗುತ್ತಿತ್ತು.

ಇರಲಿ. ಕಾರ್ಟಿಸಾಲ್ ನಮ್ಮಲ್ಲಿ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಗೆ ಏರಿ, ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ಲ್ಯಾಬಿನವರು ಇದರ ರಕ್ತಪರೀಕ್ಷೆಗೆ ಬೆಳಿಗ್ಗೆ ಎಂಟಕ್ಕೇ ಬನ್ನಿ ಎನ್ನುವುದು ಅದಕ್ಕೇ. ಅಪಾಯ ಕಂಡಾಗ ಮಾತ್ರ ಅದು ಹೊತ್ತುಗೊತ್ತು ನೋಡುವುದಿಲ್ಲ. ರಕ್ತಕ್ಕೆ ಸಕ್ಕರೆ ಸುರಿದು ಓಡು ಎನ್ನುತ್ತದೆ. ಹುಲಿ ಬಂದರೆ ಬೇಕಲ್ಲ! ಯಳಂದೂರು ಕಡೆಯವರು ಇದನ್ನು ಪುಸ್ತಕ ನೋಡಿ ತಿಳಿಯಬೇಕಿಲ್ಲ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಸೋಲಿಗರಿಗೆ ಹುಲಿವೀರಪ್ಪ ದೇವರೇ. ಮಾದಪ್ಪನಂತೂ ಹುಲಿಯ ಮೇಲೇ ಸವಾರಿ ಮಾಡಿದವನು, ಅವನ ಕಾರ್ಟಿಸಾಲ್ ಮಾತು ಬಿಡಿ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಹುಲಿ ಬಂದದ್ದು ಕೈಗಡಿಯಾರದ ರೂಪದಲ್ಲಿ. ಮಗ ಕಳಿಸಿದ ಸ್ಮಾರ್ಟ್‌ವಾಚ್ ಕಟ್ಟಿಕೊಂಡು, ರಾತ್ರಿ ಮಲಗುವ ಮೊದಲು ಏದುಸಿರು ಬಿಡುತ್ತ ಓಡಿದರು. ಟೆನ್ಷನ್ ಇಳಿಯಲಿ ಅಂತ. ನಡುರಾತ್ರಿ ಒಂದು ಗಂಟೆಯವರೆಗೆ ಕಣ್ಣು ಮುಚ್ಚದೆ ಹೆಂಡತಿಯ ಜೊತೆ ಜಗಳ ಕಾದರು.

ಟೆನ್ಷನ್ ಇಳಿಸಬೇಕಾದ ಓಟ ಹೀಗೇಕೆ ಮಾಡಿತು? 2008ರಲ್ಲಿ ಅಮೆರಿಕದ ಸಂಶೋಧಕರು 12 ಗಂಡಸರನ್ನು ಅರ್ಧ ಗಂಟೆ ವ್ಯಾಯಾಮಕ್ಕೆ ಹಚ್ಚಿ ರಕ್ತ ತೆಗೆದು ನೋಡಿದರು. ದೇಹದ ತಾಕತ್ತಿನ ಶೇ. 80ರಷ್ಟು ದುಡಿದಾಗ ಕಾರ್ಟಿಸಾಲ್ ಸುಮಾರು ಶೇ. 83 ಏರಿತ್ತು, ಶೇ. 60ಕ್ಕೆ ಅದರ ಅರ್ಧದಷ್ಟು. ಶೇ. 40ರ ಹಗುರ ಕೆಲಸದಲ್ಲಿ, ಹೊತ್ತಿನ ಏರಿಳಿತವನ್ನೆಲ್ಲ ಕಳೆದರೆ, ಕೊಂಚ ಇಳಿದೇ ಇತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೀಸು ಕಂಸಾಳೆ ಕುಣಿತ ಶೇ. 80ರ ಕಡೆ, ಹಾಡಿಕೊಂಡು ಸಾಗುವ ಪರಸೆ ಶೇ. 40ರ ಕಡೆ. ಏರಿದ್ದೇ ಕೆಟ್ಟದ್ದೆಂದಲ್ಲ. ಏರಿದ್ದು ಇಳಿಯುತ್ತದೆ, ಪಳಗಿದ ದೇಹದಲ್ಲಿ ಅದೇ ಕೆಲಸಕ್ಕೆ ಏರುವುದೂ ಕಡಿಮೆ. ತಕರಾರಿರುವುದು ಮೊದಲೇ ತಲೆಬಿಸಿ ಇದ್ದವರು ಹಾಸಿಗೆಯ ಹೊತ್ತಿಗೆ ಅದನ್ನು ಬಡಿದೆಬ್ಬಿಸುವುದರಲ್ಲಿ. ಹಾಗೆಂದು 80 ಕಿಲೋಮೀಟರನ್ನು ನಿದ್ದೆಗೆಟ್ಟು ಒಂದೇ ಸಮನೆ ಮುಗಿಸುವುದೂ ಹಗುರವಲ್ಲ, ದೂರವೂ ದೇಹಕ್ಕೆ ಭಾರವೇ. ಬಲ್ಲವರು ಅಲ್ಲಲ್ಲಿ ಗಂಟು ಇಳಿಸಿ ಮಜ್ಜಿಗೆ ಕುಡಿದು ಏಳುತ್ತಾರೆ.

ಗಡಿಯಾರ ಬೇಡ ಸ್ವಾಮಿ. ರಾತ್ರಿಯ ಓಟವನ್ನು ಬೆಳಿಗ್ಗೆಗೋ ಇಳಿಹೊತ್ತಿಗೋ ತಳ್ಳಿ. ನಡೆಯುವಾಗ ಒಮ್ಮೆ ಗಟ್ಟಿಯಾಗಿ 'ಉಘೇ ಮಾದಪ್ಪ' ಅನ್ನಿ. ಮಧ್ಯದಲ್ಲಿ ಉಸಿರು ಕಡಿದರೆ ಹೆಜ್ಜೆ ನಿಧಾನ ಮಾಡಿ.