ಬೀಗದ ಕೋಣೆಯ ಯಂತ್ರ

ನಾನು ಹಿಂದೆ ಪಾಠ ಹೇಳುತ್ತಿದ್ದ ಶಾಲೆಯಿಂದ ಕಳೆದ ಶ್ರಾವಣದಲ್ಲಿ ಕರೆ ಬಂತು. ಹಿರಿಯ ಇಂಜಿನಿಯರೊಬ್ಬರು ಇಂಗ್ಲೆಂಡಿನಲ್ಲಿದ್ದಾಗ ಮಗಳಿಗಾಗಿ ಕೊಂಡಿದ್ದ ಹಳೆಯ ಕಂಪ್ಯೂಟರೊಂದನ್ನು ಶಾಲೆಗೆ ದಾನವಾಗಿ ಕಳುಹಿಸಿದ್ದರು. ಅದು ನಡೆಯುವುದೋ ಇಲ್ಲವೋ ನಾನು ಪರೀಕ್ಷಿಸಿ ಹೇಳಬೇಕಂತೆ. ಕನ್ನಡ ಎಂ.ಎ. ಓದಿದವನನ್ನು ಯಂತ್ರಪರೀಕ್ಷೆಗೆ ಕರೆಯುವುದುಂಟೇ ಎಂದು ನೀವು ನಗಬಹುದು. ಅದಕ್ಕೊಂದು ಹಳೆಯ ಕಾರಣವಿದೆ.

1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರುಗಳನ್ನು ಒದಗಿಸಿತು. ಆ ಯಂತ್ರದ ಹೆಸರು ಬಿಬಿಸಿ ಮೈಕ್ರೊ. ಬ್ರಿಟನ್ನಿನ ಬಿಬಿಸಿ ಸಂಸ್ಥೆ ಜನಸಾಮಾನ್ಯರಿಗೆ ಕಂಪ್ಯೂಟರನ್ನು ಪರಿಚಯಿಸಲು ಕೈಗೊಂಡ ಕಾರ್ಯಕ್ಕಾಗಿ, ಕೇಂಬ್ರಿಜ್ ನಗರದ ಏಕಾರ್ನ್ ಕಂಪನಿ 1981ರಲ್ಲಿ ಅದನ್ನು ಹೊರತಂದಿತ್ತು. ಮುಂದೆ ನಮ್ಮ ಶಾಲೆಗೂ ಒಂದು ಬಂತು. ತರಬೇತಿಗೆ ಹೋಗಲು ಹಿರಿಯರಾರೂ ಒಪ್ಪದಿದ್ದುದರಿಂದ ಎಲ್ಲರಿಗಿಂತ ಕಿರಿಯನಾದ ನನ್ನನ್ನು ಅಟ್ಟಿದರು. ಹೀಗೆ 1986ರಲ್ಲಿ ಆ ಕೋಣೆಯ ಬೀಗದ ಕೈ ನನ್ನ ಜೇಬನ್ನು ಸೇರಿತು.

ಈಗ ದಾನವಾಗಿ ಬಂದದ್ದೂ ಅದೇ ಜಾತಿಯ ಯಂತ್ರ. ವಿಜ್ಞಾನದ ಪ್ರಯೋಗಶಾಲೆಯ ಮೇಜಿನ ಮೇಲೆ ಅದನ್ನು ಇರಿಸಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೆರವಿಗೆಂದು ನಿಂತಿದ್ದಳು. ಅವಳ ಕೈ ಆಗಲೇ ಸ್ವಿಚ್ಚಿನ ಕಡೆಗೆ ಹೊರಟಿತ್ತು. “ತಾಳಮ್ಮ, ಹಳೆಯ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತು ಕೊಡಬಾರದು” ಎಂದೆ. ಕೊಡಲು ಸಾಧ್ಯವೂ ಇರಲಿಲ್ಲವೆನ್ನಿ. ಅದರ ಪ್ಲಗ್ಗಿನ ಚಪ್ಪಟೆ ಮೂರು ಕಡ್ಡಿಗಳು ನಮ್ಮ ಗೋಡೆಯ ದುಂಡು ತೂತುಗಳೊಳಗೆ ಇಳಿಯುವಂಥವಲ್ಲ.

ಹಿಂದೆಯೂ ತಳದಲ್ಲಿಯೂ ಇದ್ದ ನಾಲ್ಕು ತಿರುಪುಗಳನ್ನು ಬಿಚ್ಚಿ ಮುಚ್ಚಳವನ್ನು ಎತ್ತಿದೆವು. ಒಳಗೆ ಧೂಳು, ಜೇಡನ ಬಲೆ, ಒಂದು ಒಣಗಿದ ಹಲ್ಲಿಮೊಟ್ಟೆಯ ಚಿಪ್ಪು. ನಾನು ಹುಡುಕುತ್ತಿದ್ದುದು ಬೇರೊಂದನ್ನು. ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯಲ್ಲಿ ಹಳದಿ ಗಾಜಿನಂತೆ ಕಾಣುವ ಪುಟ್ಟ ಕೆಪಾಸಿಟರುಗಳಿರುತ್ತವೆ. ವರ್ಷಗಳು ಕಳೆದಂತೆ ಅವುಗಳ ಮೈ ಸೀಳಿ, ಒಳಗಿನ ಕಾಗದ ತೇವವನ್ನು ಹೀರುತ್ತದೆ. ಆ ಸ್ಥಿತಿಯಲ್ಲಿ ವಿದ್ಯುತ್ತು ಹರಿದರೆ ಅವು ಸಿಡಿದು ಕೋಣೆ ತುಂಬ ಹೊಗೆ ಏಳುತ್ತದೆ. ಬಿಬಿಸಿ ಮೈಕ್ರೊದಲ್ಲಿ ಇದು ಹೆಸರಾದ ರೋಗ. ಪೇಟೆಯ ರೇಡಿಯೊ ರಿಪೇರಿಯವನು ಆ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿದಾಗ, ಸೀಳು ಬರಿಗಣ್ಣಿಗೇ ಕಾಣುತ್ತಿತ್ತು. ಅವನು ಹೊಸದನ್ನು ಬೆಸೆದು, ಪ್ಲಗ್ಗನ್ನೂ ಬದಲಾಯಿಸಿಕೊಟ್ಟ. ಜೊತೆಯಲ್ಲಿ ಬಂದಿದ್ದ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು, ಅದೂ ಹೊಸತಾಯಿತು.

ಇದಕ್ಕೆ ಕಾಯುತ್ತಿದ್ದಾಗ ನಾನು ಯಂತ್ರದ ಗುಂಡಿಗಳ ಮೇಲೆ ಬೆರಳಾಡಿಸಿದೆ. ಹೊಸ ಗುಂಡಿಗಳ ಮೇಲೆ ಮರಳಿನಂಥ ಸಣ್ಣ ತರಿ ಇರುತ್ತದೆ. ಬೆರಳು ತಾಗಿ ತಾಗಿ ಅದು ಸವೆದು ನುಣುಪಾಗುತ್ತದೆ. ಈ ಯಂತ್ರದ ಗುಂಡಿಗಳು ನದಿಯ ಕಲ್ಲುಗಳಂತೆ ಹೊಳೆಯುತ್ತಿದ್ದವು.

ನಮ್ಮ ಶಾಲೆಯ ಯಂತ್ರದಲ್ಲಿ ಆ ತರಿ ಕೊನೆಯವರೆಗೂ ಹಾಗೆಯೇ ಇತ್ತು. ಕೆಟ್ಟರೆ ಯಾರು ಹೊಣೆ ಎಂಬ ಭಯದಿಂದ ನಾನು ಅದಕ್ಕೆ ಬಿಳಿಯ ಬಟ್ಟೆ ಹೊದಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದೂರದಿಂದ ತೋರಿಸುತ್ತಿದ್ದೆ. ಒಬ್ಬ ಹುಡುಗ ಮಾತ್ರ ದಿನವೂ ಶಾಲೆ ಬಿಟ್ಟ ಮೇಲೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. “ಸಾರ್, ಒಂದೇ ಒಂದು ಗುಂಡಿ ಒತ್ತಲಾ?” ಎಂದು ಕೇಳಿದ. “ಕೆಟ್ಟರೆ ನಿಮ್ಮಪ್ಪ ದುಡ್ಡು ಕಟ್ಟುತ್ತಾನೇನೋ?” ಎಂದೆ. ಅವನ ತಂದೆ ಸಂತೆಯಲ್ಲಿ ಮೂಟೆ ಹೊರುತ್ತಿದ್ದುದು ನನಗೆ ಗೊತ್ತಿತ್ತು. ಮರುದಿನದಿಂದ ಹುಡುಗ ಕಿಟಕಿಯ ಬಳಿ ಬರಲಿಲ್ಲ. ಕೆಲವು ವರ್ಷಗಳ ಬಳಿಕ ಮುರಿದ ಬೆಂಚುಗಳೊಡನೆ ಆ ಯಂತ್ರವೂ ಗುಜರಿಗೆ ಹೋಯಿತು. ಅದು ಕೆಟ್ಟಿರಲಿಲ್ಲ.

ಹಳೆಯ ಟಿ.ವಿ.ಯೊಂದರ ಏರಿಯಲ್ ಕಿಂಡಿಗೆ ತಂತಿ ಸಿಕ್ಕಿಸಿ, 36ನೆಯ ಚಾನೆಲಿನ ಬಳಿ ತಿರುಗಿಸಿಟ್ಟು, ಈ ಬಾರಿ ಸ್ವಿಚ್ಚನ್ನು ಅವಳಿಗೇ ಬಿಟ್ಟೆ. ಮೊದಲು ತಗ್ಗಿದ ದನಿಯ ಉದ್ದನೆಯ ಸದ್ದೊಂದು, ಹಿಂದೆಯೇ ಎತ್ತರದ ದನಿಯ ಚಿಕ್ಕ ಸದ್ದೊಂದು. ಎರಡನೆಯದು ಕೇಳಿಸಿದರೆ ಯಂತ್ರಕ್ಕೆ ಜೀವವಿದೆ ಎಂದೇ ಅರ್ಥ. ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂದು ಮೂಡಿತು. 32ಕೆ ಎಂದರೆ 32,768 ಇಂಗ್ಲಿಷ್ ಅಕ್ಷರಗಳಷ್ಟು ನೆನಪು. ಇಂದಿನ ಫೋನು ತೆಗೆಯುವ ಒಂದು ಚಿತ್ರವೂ ಅದರೊಳಗೆ ಹಿಡಿಸದು.

ಕ್ಯಾಸೆಟ್ಟುಗಳಲ್ಲಿ ಒಂದರ ಮೇಲೆ ‘ಮಗ್ಗಿ’ ಎಂಬ ಕನ್ನಡ ಚೀಟಿಯಿತ್ತು. “ಇದರಲ್ಲಿ ಹಾಡಿದೆಯಾ ಸಾರ್?” ಎಂದಳು ಹುಡುಗಿ. ಹಾಕಿ ಕೇಳಿಸಿದೆ, ಕಿವಿ ಸೀಳುವ ಕೀರಲು. ಆ ಕೀರಲಿನಲ್ಲಿ ಎರಡು ಸ್ವರಗಳಿವೆ, ಒಂದು ಸೊನ್ನೆಗೆ, ಇನ್ನೊಂದು ಒಂದಕ್ಕೆ. ಅವುಗಳಿಂದಲೇ ಯಂತ್ರವು ಪಾಠವನ್ನು ಓದಿಕೊಳ್ಳುತ್ತದೆ ಎಂದು ವಿವರಿಸಿದೆ. ಮೊದಲ ಸಲ ಅರ್ಧಕ್ಕೇ ತಪ್ಪು ಕಂಡು, ಟೇಪನ್ನು ಹಿಂದಕ್ಕೆ ಸುತ್ತಿರೆಂದು ಪರದೆ ಹೇಳಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ರೆಕಾರ್ಡರಿನ ತಲೆಯನ್ನು ಒರೆಸಿ, ದನಿಯನ್ನು ಕೊಂಚ ಹೆಚ್ಚಿಸಿದೆವು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಎಣಿಕೆ ನಿಲ್ಲದೆ ಸಾಗಿ, ಒಳಗೆಲ್ಲೋ ‘ಟಕ್’ ಎಂದು ಟೇಪು ತಾನಾಗಿ ನಿಂತಿತು. ನಿನ್ನ ಹೆಸರೇನು ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು.

ಹುಡುಗಿ ನನ್ನ ಮುಖ ನೋಡಿದಳು. “ಒತ್ತಮ್ಮ” ಎಂದೆ.

ಅವಳು ಹೆಸರನ್ನು ಒತ್ತಿದಳು. ಯಂತ್ರವು ಹೆಸರು ಹಿಡಿದು ಕರೆದು, ಏಳನ್ನು ಎಂಟರಿಂದ ಗುಣಿಸೆಂದಿತು. “ಏಳೆಂಟ್ಲ ಐವತ್ತಾರು” ಎಂದು ಬಾಯಲ್ಲಿ ಹೇಳಿಕೊಂಡೇ ಅವಳು ಗುಂಡಿಗಳನ್ನು ಹುಡುಕತೊಡಗಿದಳು. ಅಷ್ಟರಲ್ಲಿ ಬಾಗಿಲ ಬಳಿ ಹತ್ತಾರು ತಲೆಗಳು ಸೇರಿದ್ದವು.

ಮುಖ್ಯೋಪಾಧ್ಯಾಯರು ಒಳಬಂದು ಬಹಳ ಸಂತೋಷಪಟ್ಟರು. “ಮೇಷ್ಟ್ರೇ, ಇದಕ್ಕೊಂದು ಗಾಜಿನ ಬೀರು ಮಾಡಿಸುತ್ತೇನೆ. ಬೀಗದ ಕೈ ಯಾರ ಹತ್ತಿರ ಇರಲಿ?” ಎಂದು ಕೇಳಿದರು. ಬೀರು ಬೇಡ, ಒಂದು ಗಟ್ಟಿ ಮೇಜು, ನಾಲ್ಕು ಸ್ಟೂಲು ಸಾಕು, ಕಿಟಕಿಯ ಪಕ್ಕದಲ್ಲಿಯೇ ಇರಲಿ ಎಂದೆ. ಕೆಟ್ಟರೆ, ಎಂದು ಅವರು ಅನುಮಾನಿಸಿದರು. ರಿಪೇರಿಯವನ ಅಂಗಡಿಯ ದಾರಿ ನನಗೆ ಗೊತ್ತಿದೆಯೆಂದು ಹೇಳಿ, ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆದೆ.