ಇಲ್ಲದ್ದನ್ನು ಬರೆಯುವುದು

ಬಿಳಿಯ ಬಣ್ಣಕ್ಕೂ ಬರಿದಾದ ಜಾಗಕ್ಕೂ ಇರುವ ವ್ಯತ್ಯಾಸವನ್ನು ನಾವು ಯಾರೂ ಶಾಲೆಯಲ್ಲಿ ಕಲಿತವರಲ್ಲ. ಬಿಳಿಯ ಹಾಳೆಯ ಮೇಲೆ ದೀಪದ ಚಿತ್ರ ಬರೆದರೆ ದೀಪವಷ್ಟೇ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಹಾಳೆಯನ್ನು ಮನಸ್ಸು ತಾನಾಗಿಯೇ ಬಿಟ್ಟುಬಿಡುತ್ತದೆ. ಕಂಪ್ಯೂಟರಿಗೆ ಈ ಔದಾರ್ಯವಿಲ್ಲ. ಅದಕ್ಕೆ ಬಿಳಿಯೂ ಒಂದು ಬಣ್ಣ. ಚಿತ್ರವೆಂದರೆ ನಾಲ್ಕು ಮೂಲೆಯ ಚೌಕ. 'ಇಲ್ಲಿ ಏನೂ ಇಲ್ಲ' ಎಂಬುದನ್ನು ಕೂಡ ಅದಕ್ಕೆ ಬರೆದೇ ತಿಳಿಸಬೇಕು.

ಪರದೆಯ ಮೇಲೆ ತೆರೆಯುವ ಕಿಟಕಿಗಳಿಗೆ ಐಕಾನ್ ಎಂಬ ಪುಟ್ಟ ಗುರುತುಚಿತ್ರವಿರುವುದನ್ನು ಓದುಗರು ಬಲ್ಲರು. ಇಂಥ ಚಿತ್ರಗಳಿಂದ ಹೆಸರಾದವರು ಸೂಸಾನ್ ಕೇರ್ ಎಂಬ ಅಮೆರಿಕದ ಕಲಾವಿದೆ. 1984ರಲ್ಲಿ ಹೊರಬಂದ ಮ್ಯಾಕಿಂಟಾಷ್ ಯಂತ್ರಕ್ಕಾಗಿ ಆಕೆ ಚೌಕಳಿ ಕಾಗದದಲ್ಲಿ ಮನೆಮನೆಯನ್ನೂ ತುಂಬಿ ಅವನ್ನು ರಚಿಸಿದರು. ಅಡ್ಡಕ್ಕೆ 32, ಉದ್ದಕ್ಕೆ 32. ಒಟ್ಟು 1024 ಚುಕ್ಕಿ. ಚುಕ್ಕಿ ರಂಗೋಲಿ ಇಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಹೊಸದೇನಲ್ಲ.

ಈ ಚೌಕದಲ್ಲಿ ದೀಪವನ್ನಷ್ಟೇ ಉಳಿಸಿ ಸುತ್ತಲಿನದನ್ನು ಮಾಯಮಾಡಲು ಜಾಣರು ಕಂಡುಕೊಂಡ ಉಪಾಯ ಎರಡನೆಯದೊಂದು ಚಿತ್ರ. ಅದಕ್ಕೆ ಮಾಸ್ಕ್ ಎಂದು ಹೆಸರು. ಅದರಲ್ಲಿ ಬಣ್ಣವಿಲ್ಲ, ಒಂದೊಂದು ಚುಕ್ಕಿಗೂ ಸೊನ್ನೆ ಅಥವಾ ಒಂದು. 1024 ಚುಕ್ಕಿಗೆ 1024 ಬಿಟ್, ಎಂದರೆ 128 ಬೈಟ್. ವಿಂಡೋಸ್‌ನಲ್ಲಿ ಕೆಲಸ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಮೊದಲು ಮಾಸ್ಕ್ ಬಂದು, ಸೊನ್ನೆ ಇದ್ದಲ್ಲಿ ಪರದೆಯನ್ನು ಕಪ್ಪುಮಾಡಿ, ಒಂದು ಇದ್ದಲ್ಲಿ ಮುಟ್ಟದೆ ಹೋಗುತ್ತದೆ. ಬಳಿಕ ಬಣ್ಣದ ಚಿತ್ರ ಬಂದು ಆ ಕಪ್ಪಿನ ಮೇಲೆ ಕೂರುತ್ತದೆ. ದೀಪದ ಸುತ್ತ ಮಾತ್ರ ಕಪ್ಪನ್ನೇ ತುಂಬಿರಬೇಕು; ಈ ಲೆಕ್ಕದಲ್ಲಿ ಕಪ್ಪೆಂದರೆ ಸೊನ್ನೆ, ಸೊನ್ನೆ ಸೇರಿದರೆ ಹಿಂದಿನ ಬಣ್ಣ ಕೆಡುವುದಿಲ್ಲ. ನೆಲ ಸಾರಿಸಿ ರಂಗೋಲಿ ಇಡುವ ಕ್ರಮವೇ ಇದು. ರಂಗೋಲಿ ಬೀಳುವಷ್ಟು ಜಾಗವನ್ನಷ್ಟೇ ಸಾರಿಸುವುದು ಇಲ್ಲಿನ ವಿಶೇಷ.

ತಮಾಷೆಯೆಂದರೆ, 1984ರಲ್ಲೇ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ಪದ್ಧತಿಯಲ್ಲಿ ಅರ್ಥ ತಿರುಗುಮುರುಗು. ಅಲ್ಲಿ ಒಂದು ಎಂದರೆ 'ತೋರಿಸು'; ವಿಂಡೋಸ್‌ನಲ್ಲಿ ಒಂದು ಎಂದರೆ 'ಬಿಟ್ಟುಬಿಡು'. ಒಂದೂರಿನ ಹೌದು ಇನ್ನೊಂದೂರಿನ ಅಲ್ಲ.

ಇದನ್ನೆಲ್ಲ ನಾನು ತಿಳಿಯಬೇಕಾಗಿ ಬಂದದ್ದು ನಮ್ಮ ತಂದೆಯವರ ಕಣ್ಣಿನ ದೆಸೆಯಿಂದ. 86 ದಾಟಿದ ಅವರಿಗೆ ಅಕ್ಷರಗಳು ಮಸುಕಾಗಿವೆ; ಆಕಾರಗಳು ಮಾತ್ರ ತಿಳಿಯುತ್ತವೆ. ಆದರೂ ಬಾಲ್ಯದ ನೆನಪುಗಳನ್ನು ಬರೆದು ಮುಗಿಸಬೇಕೆಂಬ ಹಟ. ಮೊಮ್ಮಗಳು ತಾತನಿಗಾಗಿ ಅಂಗೈಯಗಲದ ಅಕ್ಷರ ಮೂಡಿಸುವ ಪ್ರೋಗ್ರಾಮೊಂದನ್ನು ತಾನೇ ಬರೆದು, ದೀಪದ ಐಕಾನ್ ಇಟ್ಟಳು. ದೀಪದ ಸುತ್ತ ಬಿಳಿಯ ಚೌಕ. ಪರದೆಯ ಕೆಳಗಿನ ಪಟ್ಟಿಯಲ್ಲಿ ಅದೂ, ಪಕ್ಕದ ಕಾಗದದ ಗುರುತೂ, ಅಂಚೆಯ ಗುರುತೂ ತಂದೆಯವರಿಗೆ ಒಂದೇ. ಮೂರು ಸಲ ಬೇರೆ ಕಿಟಕಿ ತೆರೆದುಕೊಂಡು, "ಇನ್ನು ಸಾಕು ಬಿಡಮ್ಮ" ಎಂದು ಕೈ ತೆಗೆದುಬಿಟ್ಟರು. ಅವರ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹುಡುಗಿ ಹಳೆಯ ಕ್ರಮವನ್ನೇ ಹಿಡಿದು ಮಾಸ್ಕ್ ಮಾಡಿದಳು. ಎಕ್ಸ್ ಪದ್ಧತಿಯ ಪಾಠ ಓದಿ ವಿಂಡೋಸ್‌ಗೆ ಬರೆದದ್ದರಿಂದ, ಬಿಳಿಯ ಚೌಕ ಹಾಗೆಯೇ ಉಳಿದು, ದೀಪದ ಜಾಗದಲ್ಲಿ ಹಿನ್ನೆಲೆಯೊಡನೆ ಕಲಸಿದ ವಿಕಾರ ಬಣ್ಣ ಕಾಣಿಸಿತು. ಸೊನ್ನೆಗಳನ್ನು ಒಂದಾಗಿಯೂ ಒಂದುಗಳನ್ನು ಸೊನ್ನೆಯಾಗಿಯೂ ತಿರುಗಿಸಿ, ಸುತ್ತ ಕಪ್ಪು ತುಂಬಿದಳು. ಚೌಕ ಕರಗಿತು. ತಂದೆಯವರು ಮುಖವನ್ನು ಪರದೆಯ ಹತ್ತಿರ ತಂದು, "ಈಗ ದೀಪ ದೀಪದ ಹಾಗಿದೆ ಕಣಮ್ಮ. ಮೊದಲು ಲಕೋಟೆಯ ಹಾಗಿತ್ತು" ಎಂದರು. ಆ ಸಂಜೆಯೇ ಒಂದು ಪುಟ ಬರೆದರು.

2001ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ ಐಕಾನ್‌ಗಳಲ್ಲಿ ಹೌದು ಅಲ್ಲಗಳ ನಡುವೆ ಮೆಟ್ಟಿಲುಗಳು ಬಂದಿವೆ. ಒಂದೊಂದು ಚುಕ್ಕಿಯೂ 256 ಹಂತಗಳಲ್ಲಿ ಯಾವುದಾದರೊಂದರಷ್ಟು ಪಾರದರ್ಶಕವಾಗಿರಬಹುದು. ಅಂಚುಗಳು ಗರಗಸದಂತಿಲ್ಲದೆ ನಯವಾಗಿವೆ. ಒಳ್ಳೆಯದೇ. ಆದರೂ ಆ 128 ಬೈಟುಗಳ ಮೇಲೆ ನನಗೊಂದು ಗೌರವ ಉಳಿದಿದೆ. ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲಿ ಸುಮ್ಮನಿರಬೇಕೆಂಬುದನ್ನು ತಿಳಿಸಿ ಮರೆಯಾಗುತ್ತವೆ. ಅವುಗಳ ದಯೆಯಿಂದ ತಂದೆಯವರ ಬರಹ ಈಗ ಹೈಸ್ಕೂಲಿನ ಮೆಟ್ಟಿಲು ಹತ್ತಿದೆ.