ಬೆಂಕಿಪುರಕ್ಕೆ ಮರದ ಅಂಗಿ

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕತ್ತೆತ್ತಿಕೊಂಡು ನಡೆಯಬೇಕು. ಕಣ್ಣಿನ ಮಟ್ಟದಲ್ಲಿ ಕಾಣುವುದು ಎಲ್ಲ ಊರಿನಲ್ಲೂ ಇರುವ ಮೊಬೈಲ್ ಅಂಗಡಿ, ಬೇಕರಿ, ಔಷಧಿ ಅಂಗಡಿ. ಫಲಕಗಳಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಬೇರೆಯದೇ ಊರು ತೆರೆದುಕೊಳ್ಳುತ್ತದೆ. ಪಾಚಿ ಹಿಡಿದ ಮಂಗಳೂರು ಹೆಂಚು, ಅದರಡಿ ಹೊಗೆ ಕುಡಿದು ಕಪ್ಪಾದ ಪಕಾಸು, ರೀಪು, ಎಲ್ಲೋ ಒಂದೆಡೆ ಸರಳು ಹಾಕಿದ ಅಟ್ಟದ ಕಿಟಕಿ. ಅಂಥದ್ದೊಂದು ಹಳೆಯ ಮನೆಯ ಮುಖಕ್ಕೆ ಹೊಸದಾಗಿ ಹಲಗೆ ಹೊದಿಸಿದ್ದರು. ಜೇನಿನ ಬಣ್ಣ, ಎಳೆಎಳೆಯಾದ ನಾರು, ನಡುನಡುವೆ ಗಂಟು. ಬಿಸಿಲು ಬಿದ್ದಾಗ ನಿಜಕ್ಕೂ ಚೆಂದ ಕಾಣುತ್ತಿತ್ತು. ಆದರೆ ಆ ಗಂಟುಗಳು ಅಳತೆ ಹಿಡಿದಂತೆ ಅಷ್ಟಷ್ಟು ದೂರಕ್ಕೆ ಮತ್ತೆ ಮತ್ತೆ ಬರುತ್ತಿದ್ದವು. ಯಾವ ಕಾಡಿನ ಯಾವ ಮರವೂ ಹಾಗೆ ಬೆಳೆಯುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟಣ್ ಎಂದಿತು.

"ಅದು ಎಸಿಪಿ ಶೀಟು ಸಾರ್," ಎಂದ ಅಂಗಡಿಯ ಹುಡುಗ. "ಒಳಗಡೆ ಒರಿಜಿನಲ್ ಮರ ಐತೆ. ಹಳೇದಾಗಿ ಚೆನ್ನಾಗಿ ಕಾಣ್ತಿರಲಿಲ್ಲ. ಅದನ್ನ ಮುಚ್ಚಾಕೇ ಇದನ್ನ ಹಾಕ್ಸಿದ್ದು."

ಮರವನ್ನು ಮರೆಮಾಡಲು ಅಲ್ಯೂಮಿನಿಯಂ ಹಾಳೆಯ ಮೇಲೆ ಮರದ ಚಿತ್ರ. ಅಲ್ಲಿಂದ ಮುಂದೆ ಇಡೀ ದಿನ ನನಗೆ ಬೇರೇನೂ ಕಾಣಲಿಲ್ಲ ಎನ್ನಬಹುದು. ಹಳೆಯ ಕಟ್ಟಡಕ್ಕೆ ಹೊಸ ಭಾಗ ಸೇರಿಸುವಾಗ ಅದಕ್ಕೆ ಮರದ ಅಂಗಿ ತೊಡಿಸುವುದು ಇಂದು ಜಗತ್ತಿನ ಎಷ್ಟೋ ವಾಸ್ತುಶಿಲ್ಪಿಗಳಿಗೆ ಪ್ರಿಯವಾದ ದಾರಿ. ನಮ್ಮ ಜಿಲ್ಲೆ ಮರದ ಸೀಮೆ. ಇಲ್ಲಿ ಅದರ ಕತೆ ಏನಾಗಿದೆ ಎಂದು ನೋಡಿಕೊಂಡು ಬರೋಣವೆಂದು ಹೊರಟೆ.

ಮೊದಲು ಸಿಕ್ಕಿದ್ದು ಓಲ್ಡ್ ಟೌನ್‌ನ ಲಕ್ಷ್ಮೀನರಸಿಂಹ ದೇವಾಲಯ. ಹದಿಮೂರನೇ ಶತಮಾನದ ಹೊಯ್ಸಳ ಗುಡಿ, ತ್ರಿಕೂಟ. ಬೇಲೂರು ಹಳೇಬೀಡಿನ ಹೊರಗೋಡೆಗಳನ್ನು ನೆನೆಸಿಕೊಂಡು ಬಂದವರಿಗೆ ಇಲ್ಲಿಯದು ಸರಳ ಅನ್ನಿಸೀತು. ಅಂಥವರು ಒಳಗೆ ಹೋಗಿ ನವರಂಗದ ಕಂಬಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಉಂಗುರದ ಮೇಲೆ ಉಂಗುರ, ನಡುವೆ ಕೂದಲೆಳೆಯಷ್ಟು ಸಣ್ಣ ಗೀರು, ಒಮ್ಮೆ ಉಬ್ಬಿ ಒಮ್ಮೆ ಸಣ್ಣಗಾಗುವ ಮೈ. ಇದು ಕಲ್ಲುಕುಟಿಗನ ವಿದ್ಯೆಯಲ್ಲ. ತೊಟ್ಟಿಲ ಕಾಲು, ಮಂಚದ ಕಾಲು ಕಡೆಯುವ ಬಡಗಿಯ ವಿದ್ಯೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಕೈಗೆ ಸಿಕ್ಕಿದ್ದೇ ತಡ, ನಮ್ಮ ಶಿಲ್ಪಿಗಳು ಮರದಲ್ಲಿ ಮಾಡುತ್ತಿದ್ದುದನ್ನೆಲ್ಲ ಕಲ್ಲಿನಲ್ಲಿ ಮಾಡಿ ನೋಡಿದರು. ಭಟ್ಕಳದಲ್ಲಿ ಹದಿನಾರನೇ ಶತಮಾನದ ಖೇತಪೈ ನಾರಾಯಣ ದೇವಾಲಯವಿದೆ. ಅಲ್ಲಿ ಗೋಡೆಯ ಬದಲು ಕಲ್ಲಿನ ಪಟ್ಟಿಗಳ ಜಾಲಂಧ್ರ. ಕರಾವಳಿಯ ಮನೆಯ ಮರದ ಪಟ್ಟಿಗಳನ್ನು ಇದ್ದ ಹಾಗೆಯೇ ಕಲ್ಲಿಗೆ ಇಳಿಸಿದ್ದಾರೆ.

ಹಾಗಾದರೆ ಎಂಟುನೂರು ವರ್ಷದ ಹಿಂದಿನ ಆ ಶಿಲ್ಪಿಗೂ ಬೀದಿಯ ಶೀಟಿಗೂ ಏನು ವ್ಯತ್ಯಾಸ? ಇಬ್ಬರೂ ಮರವನ್ನು ಅನುಕರಿಸಿದವರೇ ಅಲ್ಲವೆ? ನನಗೆ ತೋರಿದ್ದು ಇಷ್ಟು. ಶಿಲ್ಪಿ ಅನುಕರಿಸಿದ್ದು ಮರದ ಕೆಲಸವನ್ನು. ಶೀಟು ಅನುಕರಿಸುವುದು ಮರದ ಬಣ್ಣವನ್ನು. ಗುಡಿಯ ಕಂಬಗಳಲ್ಲಿ ಒಂದು ಬಡಗಿಯ ಕೈ ಇನ್ನೂ ಓಡಾಡುತ್ತಿದೆ.

ಹೊಳೆ ದಾಟಿದರೆ ನ್ಯೂಟೌನ್. ಭದ್ರೆ ಇಲ್ಲಿ ಎರಡು ಕಾಲಗಳ ನಡುವೆ ಹರಿಯುತ್ತಾಳೆ. ಆಚೆ ದಡದ ಊರು ಹುಟ್ಟಿದ್ದೇ ಮರದಿಂದ ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ, ಏಕೆಂದರೆ ಅದು ಉಕ್ಕಿನ ಊರೆಂದೇ ಹೆಸರಾದದ್ದು. 1918ರಲ್ಲಿ ಮೈಸೂರು ಸಂಸ್ಥಾನ ಕೈಗೆತ್ತಿಕೊಂಡ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು. ಮರವನ್ನು ಗಾಳಿಯಾಡದ ಒಲೆಗಳಲ್ಲಿ ಬೇಯಿಸಿ ಇದ್ದಿಲು ಮಾಡುವುದು, ಏಳುವ ಹೊಗೆಯನ್ನು ತಣಿಸಿ ಅದರಿಂದ ಮರದ ಸಾರಾಯಿ, ಡಾಂಬರಿನಂಥ ಎಣ್ಣೆ ಹಿಡಿಯುವುದು, ಆ ಇದ್ದಿಲಿನಿಂದ ಅದಿರು ಕರಗಿಸುವುದು. 1923ರಲ್ಲಿ ಕುಲುಮೆಯಿಂದ ಕಬ್ಬಿಣ ಇಳಿಯಿತು. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು ಕಾರ್ಖಾನೆಯನ್ನು ದಡ ಮುಟ್ಟಿಸಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಜೋಗದ ವಿದ್ಯುತ್ತು ಬಂದಮೇಲೆ, ಐವತ್ತರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಹೊತ್ತಿಕೊಂಡವು. ಅಲ್ಲಿಯವರೆಗೆ ಮಲೆನಾಡಿನ ಅದೆಷ್ಟು ಮರ ಕೆಂಡವಾಗಿ ಕಬ್ಬಿಣದೊಳಗೆ ಸೇರಿಹೋಯಿತೋ! ಕಾರ್ಖಾನೆ ಬರುವ ಮೊದಲೇ ಊರಿಗೆ ಬೆಂಕಿಪುರವೆಂಬ ಹೆಸರಿತ್ತು ಎನ್ನುವುದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸುಟ್ಟ ಮರ ಎಂದೊಡನೆ ನೆನಪಾಗುವ ಮನೆಯೊಂದು ಇಂಗ್ಲೆಂಡಿನಲ್ಲಿದೆ. ನಾರ್ಫೋಕ್‌ನ ಜೌಗು ಸೀಮೆಯಲ್ಲಿ, ಆಂಟ್ ನದಿಯ ದಂಡೆಯಲ್ಲಿ, ಹನ್ಸೆಟ್ ಮಿಲ್ ಎಂಬ ಹಳೆಯ ಗಾಳಿಗಿರಣಿ. ಪಕ್ಕದಲ್ಲಿ ಗಿರಣಿ ಕಾಯುವವನ ಪುಟ್ಟ ಇಟ್ಟಿಗೆ ಮನೆ. ಅದಕ್ಕೆ ಕಾಲಕಾಲಕ್ಕೆ ಯಾರು ಯಾರೋ ಅಂಟಿಸಿದ್ದ ಕೋಣೆಗಳನ್ನು ತೆಗೆದುಹಾಕಿ, ಆಕ್ಮೆ ಎಂಬ ವಾಸ್ತುಶಿಲ್ಪಿಗಳ ತಂಡ ಹಿಂಬದಿಗೆ ಹೊಸ ಭಾಗ ಕಟ್ಟಿತು. ಅದಕ್ಕೆ ಪೂರ್ತಿ ಕರಿ ಬಣ್ಣ. ಬಳಿದದ್ದಲ್ಲ, ಸುಟ್ಟು ತಂದದ್ದು. ದೇವದಾರು ಜಾತಿಯ ಹಲಗೆಗಳ ಮೈಯನ್ನು ಇದ್ದಿಲಾಗುವ ತನಕ ಸುಟ್ಟು ಗೋಡೆಗೆ ಹೊಡೆದಿದ್ದಾರೆ. ಇಟ್ಟಿಗೆ ಮನೆ ಮುಂದೆ ನಿಂತಿದ್ದರೆ ಹಿಂದೆ ಅದರ ನೆರಳೇ ಎದ್ದು ನಿಂತಂತೆ. ಆ ಕೆಲಸಕ್ಕೆ 2010ರಲ್ಲಿ ಬ್ರಿಟನ್ನಿನ ಮ್ಯಾನ್ಸರ್ ಪದಕ ಬಂತು. ಹಲಗೆ ಸುಡುವ ವಿದ್ಯೆ ಜಪಾನಿನದು. ಮೂರು ಹಲಗೆಗಳನ್ನು ಕೊಳವೆಯ ಹಾಗೆ ಕಟ್ಟಿ ನೆಟ್ಟಗೆ ನಿಲ್ಲಿಸಿ ಒಳಗೆ ಬೆಂಕಿ ಇಟ್ಟರೆ ಒಳಮೈ ಹದವಾಗಿ ಕರಕಾಗುತ್ತದೆ. ಕೂಡಲೇ ಬಿಚ್ಚಿ ನೀರು ಹೊಯ್ಯುತ್ತಾರೆ. ಇದ್ದಿಲಿನ ಆ ಪದರವೇ ಮುಂದೆ ಮಳೆಗೂ ಹುಳಕ್ಕೂ ಅಡ್ಡ ನಿಲ್ಲುತ್ತದೆ. ಸುಟ್ಟಿದ್ದೇ ಕಾವಲು. ಇದ್ದಿಲಿನ ಊರಾದ ಭದ್ರಾವತಿಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಸೇತುವೆಯ ಮೇಲೆ ನಿಂತು ನಗು ಬಂತು. ಹೊಳೆಯಬೇಕಾಗಿಯೂ ಇರಲಿಲ್ಲ ಬಿಡಿ, ಆಗ ತೇಗವೂ ಬೀಟೆಯೂ ಕೈಗೆಟಕುವಂತಿದ್ದವು.

ಶಿವಮೊಗ್ಗಕ್ಕೆ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಕೋಟೆ ಪ್ರದೇಶದಲ್ಲಿ, ತುಂಗೆಯ ಬದಿಗೆ, ಶಿವಪ್ಪನಾಯಕನ ಅರಮನೆ. ಹೆಸರು ಕೆಳದಿಯ ದೊರೆಯದು. 1645ರಿಂದ 1660ರವರೆಗೆ ಆಳಿದ, ಕಂದಾಯದ 'ಶಿಸ್ತು' ಹಾಕಿಕೊಟ್ಟ ಶಿವಪ್ಪನಾಯಕ. ಕಟ್ಟಡ ಮಾತ್ರ ಅವನ ಕಾಲದ್ದಲ್ಲ, ಹದಿನೆಂಟನೇ ಶತಮಾನದ್ದು, ಹೈದರಾಲಿಯ ಕಾಲಕ್ಕೆ ಸೇರಿದ್ದು ಎನ್ನುತ್ತಾರೆ ಬಲ್ಲವರು. ಹೈದರ್ ಕೆಳದಿಯವರ ಬಿದನೂರು ಗೆದ್ದದ್ದು 1763ರಲ್ಲಿ. ಊರಿನ ಜನ ಇದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ. ಪ್ರೀತಿಯ ದೊರೆಗೆ ಅರಮನೆಯೊಂದನ್ನು ಕೊಟ್ಟುಬಿಟ್ಟಿದ್ದಾರೆ.

ಒಳಗೆ ಕಾಲಿಟ್ಟೊಡನೆ ಮಾತು ನಿಂತುಹೋಗುತ್ತದೆ. ಎರಡಂತಸ್ತಿನ ಎತ್ತರಕ್ಕೆ ಏರಿದ ದರ್ಬಾರು ಚಾವಡಿ, ತೋಳಿಗೆ ಸಿಗದ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಎಸಳು ಎಸಳಾದ ಕಮಾನುಗಳು. ಎರಡೂ ಬದಿಯ ಮೇಲಿನ ಕೋಣೆಗಳಿಂದ ಚಾವಡಿಗೆ ಇಣುಕುವ ಮೊಗಸಾಲೆಗಳು. ಆ ಕಮಾನುಗಳನ್ನೇ ನೋಡುತ್ತ ನಿಂತೆ. ಮರದ ಕಟ್ಟಡಕ್ಕೆ ಕಮಾನಿನ ಅಗತ್ಯವೇ ಇಲ್ಲ. ಕಮಾನು ಇಟ್ಟಿಗೆ ಕಲ್ಲಿನವರ ಉಪಾಯ. ಮರದಲ್ಲಿ ಭಾರ ಹೊರುವುದು ಮೇಲಿನ ತೊಲೆ. ಹಾಗಿದ್ದರೂ ಬಡಗಿ ಹಲಗೆಯನ್ನು ಎಸಳಾಗಿ ಕತ್ತರಿಸಿ ಕಂಬಗಳ ನಡುವೆ ಕೂರಿಸಿದ್ದಾನೆ. ಬಿಜಾಪುರದಿಂದ ದಿಲ್ಲಿಯವರೆಗೆ ಗಾರೆ ಕಲ್ಲಿನಲ್ಲಿ ಮೆರೆದ ರೂಪ ಅದು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲೂ ಬೆಂಗಳೂರಿನ ಟಿಪ್ಪು ಅರಮನೆಯಲ್ಲೂ ಇದೇ ಆಟ. ಓಲ್ಡ್ ಟೌನ್ ಗುಡಿಯಲ್ಲಿ ಕಲ್ಲು ಮರವಾಗಲು ಹೊರಟಿತ್ತು, ಇಲ್ಲಿ ಮರ ಕಲ್ಲಾಗಲು ಹೊರಟಿದೆ!

ಇಷ್ಟೊಂದು ಮರ ಇಷ್ಟು ಕಾಲ ಉಳಿದದ್ದೇ ದೊಡ್ಡದು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆಯೇ ಸುಟ್ಟುಹೋಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅದನ್ನು ಮತ್ತೆ ಕಟ್ಟುವಾಗ ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ದೂರದ ಗ್ಲಾಸ್ಗೋದಿಂದ ಬಂದವು. ಭದ್ರಾವತಿಯ ಕುಲುಮೆಗೆ ಆಗಿನ್ನೂ ಮುಹೂರ್ತವಾಗಿರಲಿಲ್ಲ.

ಶಿವಮೊಗ್ಗದ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದ ತುಂಬ ಸುತ್ತಲ ಊರುಗಳಿಂದ ತಂದ ವಿಗ್ರಹಗಳು, ವೀರಗಲ್ಲುಗಳು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿವೆ. ಇವಕ್ಕೊಂದು ಸೂರು ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಸೂರು ಎಂದರೆ ಎಂಥದ್ದು? ನಮ್ಮಲ್ಲಿ ತಟ್ಟನೆ ಹೊಳೆಯುವುದು ಎರಡೇ. ಕಾಂಕ್ರೀಟು ಪೆಟ್ಟಿಗೆ, ಇಲ್ಲವೆ ಅರಮನೆಯ ಕಮಾನುಗಳನ್ನೇ ಸಿಮೆಂಟಿನಲ್ಲಿ ಎರಕ ಹೊಯ್ದ ನಕಲು. 1964ರ ವೆನಿಸ್ ಸನ್ನದು ಎರಡನೆಯದನ್ನು ಬೇಡವೆನ್ನುತ್ತದೆ. ಹಳತಿಗೆ ಸೇರಿಸಿದ್ದು ಹಳತರ ಜೊತೆ ಹೊಂದಬೇಕು, ಆದರೆ ಇದು ಈ ಕಾಲದ್ದು ಎಂದು ನೋಡಿದವರಿಗೆ ತಿಳಿಯಬೇಕು ಎಂಬುದು ಅದರ ಸಾರ. ಮೂಡುಬಿದಿರೆಯ ಬಸದಿ ಕಟ್ಟಿದವರು ಸನ್ನದು ಓದಿರಲಿಲ್ಲ. 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಗೆ ಭೈರಾದೇವಿ ಮಂಟಪ ಆಮೇಲೆ ಸೇರಿತು. ಕೆಳಗೆ ಕಲ್ಲಿನ ಕಾಡು, ಮೇಲೆ ಮರದ ಇಳಿಜಾರು ಮಾಡು. ನೇಪಾಳ ನೋಡಿದವರು ಇಲ್ಲಿಯೂ ನೇಪಾಳವನ್ನೇ ಕಾಣುತ್ತಾರೆ. ಕಲ್ಲು ಮರ ಎರಡೂ ತಮ್ಮ ತಮ್ಮ ಕೆಲಸ ಮಾಡಿಕೊಂಡು ಒಂದೇ ಕಟ್ಟಡವಾಗಿ ನಿಂತಿವೆ.

ತೀರ್ಥಹಳ್ಳಿ, ಹೊಸನಗರದ ಕಡೆ ಹೋದರೆ ಇದರ ಬಡವರ ರೂಪವೂ ಸಿಗುತ್ತದೆ. ಮಳೆಗಾಲ ಹಿಡಿಯುವ ಮುಂಚೆ ಮಳೆ ಬಡಿಯುವ ದಿಕ್ಕಿನ ಮಣ್ಣುಗೋಡೆಗೆ, ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಸೀಳಿದ ಅಡಿಕೆ ಮರದ ದಬ್ಬೆ ಅದಕ್ಕೆ ಆಧಾರ. ಮಳೆ ಮುಗಿದಮೇಲೆ ಬಿಚ್ಚಿ ಒಲೆಗೋ ಗೊಬ್ಬರಕ್ಕೋ ಹಾಕುತ್ತಾರೆ. ಹಳೆಯ ಗೋಡೆ ಉಳಿಯಲೆಂದು ತಾನು ಹಾಳಾಗುವ ಹೊದಿಕೆ. ಅರಮನೆಯ ಅಂಗಳಕ್ಕೆ ನಾನು ಮನಸ್ಸಿನಲ್ಲೇ ಕಟ್ಟಿಕೊಂಡ ಸೂರು ಇದರ ಮೊಮ್ಮಗ: ಅರಮನೆಯಿಂದ ಒಂದಷ್ಟು ದೂರ ಸರಿದು ನಿಂತ, ಅದರ ಮಾಡಿಗಿಂತ ತಗ್ಗಿನ, ಮರದ ಪಟ್ಟಿಗಳ ಉದ್ದನೆಯ ಜಗಲಿ. ಕಮಾನಿಲ್ಲ, ಕೆತ್ತನೆಯಿಲ್ಲ. ಪಟ್ಟಿಗಳ ಸಂದಿಯಿಂದ ಬೆಳಕು ವೀರಗಲ್ಲಿನ ಮೇಲೆ ಬೀಳಬೇಕು.

ಊರಾಚೆ ಒಂದು ಮರದ ಅಡ್ಡೆಯಲ್ಲಿ ಈ ಕನಸನ್ನು ಹಿರಿಯ ಆಚಾರಿಯೊಬ್ಬರ ಮುಂದೆ ಬಿಚ್ಚಿಟ್ಟೆ. ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದರು.

"ಯಾವ ಮರದಲ್ಲಿ ಮಾಡ್ತೀರಿ?"

"ತೇಗ ಅಂದ್ಕೊಂಡಿದ್ದೆ, ಆಚಾರ್ರೇ."

"ಗೋಡೆಗೆ ಹೊಡೆಯಕ್ಕೆ ತೇಗನಾ? ಬಾಗಿಲಿಗೇ ತರಕ್ಕಾಗ್ತಿಲ್ಲ ಜನಕ್ಕೆ. ಅಕೇಶಿಯಾ ತಗೊಳಿ. ಗುಡ್ಡ ಗುಡ್ಡನೇ ನಿಂತಿದೆಯಲ್ಲ."

ನಿಜ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಜಿಲ್ಲೆಯಲ್ಲಿ ಸಾವಿರಾರು ಹೆಕ್ಟೇರ್ ಅಕೇಶಿಯಾ, ನೀಲಗಿರಿ ನೆಡುತೋಪುಗಳೆದ್ದವು. ಕಾರ್ಖಾನೆ ಮುಚ್ಚಿತು, ತೋಪು ಉಳಿಯಿತು. ಮಲೆನಾಡಿಗರು ಅಕೇಶಿಯಾಕ್ಕೆ ಹಾಕದ ಶಾಪವಿಲ್ಲ, ಕಾಡು ತಿಂದ ಮರವೆಂದು. ಆದರೆ ಮೇಜು, ಕುರ್ಚಿ, ಕಿಟಕಿ ಚೌಕಟ್ಟು ಮಾಡಿಸುವಾಗ ಅದನ್ನೇ ಕೇಳುತ್ತಾರೆ. ಗುಡಿಗೆ ಬಳಪದ ಕಲ್ಲು, ಅರಮನೆಗೆ ಹೆಮ್ಮರ, ಕುಲುಮೆಗೆ ಇದ್ದಿಲು ಒದಗಿಸಿದ ನೆಲ ನಮ್ಮ ಕಾಲಕ್ಕೆ ಇಟ್ಟುಕೊಂಡಿರುವುದು ಈ ಮರವನ್ನು. ಯಾಕಾಗಬಾರದು?

"ಹಸಿ ಮರ ಕೊಯ್ದು ಹೊಡೆದ್ರೆ ತಿರುಚ್ಕೊಳ್ಳುತ್ತೆ, ಸೀಳು ಬಿಡುತ್ತೆ," ಎಂದರು ಆಚಾರಿ. ಹಲಗೆಯ ತುಂಡೊಂದರ ಮೇಲೆ ಗೆರೆ ಎಳೆದು ತೋರಿಸಿದರು. "ನೆರಳಲ್ಲಿ ಚೆನ್ನಾಗಿ ಒಣಗಿಸ್ಬೇಕು. ಗೋಡೆಗೆ ಅಂಟಿಸ್ಬಾರ್ದು, ಹಿಂದೆ ರೀಪು ಕೊಟ್ಟು ಗಾಳಿ ಆಡಕ್ಕೆ ಜಾಗ ಬಿಡ್ಬೇಕು. ನೆಲದಿಂದ ಒಂದಡಿ ಮೇಲೆ ನಿಲ್ಲಿಸಿ, ಇಲ್ದಿದ್ರೆ ಮೊದಲ್ನೇ ಮಳೆಗೇ ಗೆದ್ದಲು. ಮೊಳೆ ಬೇಡ, ಸ್ಕ್ರೂ ಹಾಕಿ. ಒಂದು ಹಲಗೆ ಹಾಳಾದ್ರೆ ಅದೊಂದನ್ನೇ ಬಿಚ್ಚಿ ಬೇರೆ ಹಾಕ್ಬಹುದು."

ಸುಟ್ಟು ಹಾಕಿದರೆ ಹೇಗೆ ಎಂದು ಜಪಾನಿನ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಮೂಲೆಯಲ್ಲಿದ್ದ ಅಕೇಶಿಯಾ ತುಂಡೊಂದನ್ನು ಎತ್ತಿಕೊಂಡು, ಗ್ಯಾಸಿನ ಟಾರ್ಚು ಎಲ್ಲಿಟ್ಟೆಯೋ ಎಂದು ಒಳಗಿದ್ದ ಮಗನನ್ನು ಕೂಗಿದರು.